ಎಷ್ಟು ಸಲ?

ಕೇಳುಗರಿಗೆ ನಮಸ್ಕಾರ. ಹೈಸ್ಕೂಲು ಮಕ್ಕಳೇ, ಲಾಗರಿದಮ್ ಅಂದ ಕೂಡಲೇ ರೇಡಿಯೊ ಆರಿಸಬೇಡಿ. ಅದರಲ್ಲಿ ಇರುವುದು ಒಂದೇ ಪ್ರಶ್ನೆ: ಎಷ್ಟು ಸಲ? ಒಂದರಿಂದ ಹೊರಟು ಎರಡರಿಂದ ಗುಣಿಸುತ್ತಾ ಹೋದರೆ, ಎಷ್ಟನೇ ಸಲಕ್ಕೆ ಎಂಟು ಸಿಗುತ್ತದೆ? ಮೂರನೇ ಸಲಕ್ಕೆ. ಆಧಾರ, ಅಂದರೆ ಗುಣಿಸುತ್ತಾ ಹೋಗುವ ಸಂಖ್ಯೆ, 2 ಆದಾಗ ಎಂಟರ ಲಾಗ್ ಮೂರು. ಅಷ್ಟೇ.

ಒಮ್ಮೆ ತರಗತಿಯಲ್ಲಿ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟೆ. ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ ಅಂದೆ. ನಾಲ್ಕು ಸಲ ಸಲೀಸು. ಆರಕ್ಕೆ ಹಲ್ಲು ಕಚ್ಚಿದರು. ಏಳಕ್ಕೆ ಒಬ್ಬ ಹುಡುಗ ಹಾಳೆಯನ್ನು ಬೆಂಚಿನ ಮೇಲಿಟ್ಟು ಅದರ ಮೇಲೆ ಕೂತೇಬಿಟ್ಟ! ಆಗ ಕೇಳಿದೆ: ಹಾಳೆ 0.1 ಮಿಲಿಮೀಟರ್ ದಪ್ಪ. ಹೀಗೇ ಮಡಚುತ್ತಾ ಹೋಗಲು ಆಗುವುದಾದರೆ, ಚಂದ್ರನನ್ನು ಮುಟ್ಟಲು ಎಷ್ಟು ಸಲ ಬೇಕು? ಒಬ್ಬಳು ಲಕ್ಷ ಅಂದಳು, ಇನ್ನೊಬ್ಬ ಕೋಟಿ ಅಂದ.

ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. 10 ಸಲಕ್ಕೆ 10 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಎಲ್ಲರೂ ನಕ್ಕರು. 20ಕ್ಕೆ 100 ಮೀಟರ್ ದಾಟಿತು. ನಗು ನಿಂತಿತು. 30ಕ್ಕೆ 107 ಕಿಲೋಮೀಟರ್. ಚಂದ್ರ ಇರುವುದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. 41ಕ್ಕೆ ಅರ್ಧ ದಾರಿಗಿಂತ ಸ್ವಲ್ಪ ಮುಂದಿದ್ದೆವು. ಇನ್ನೊಂದೇ ಮಡಿಕೆ, ಚಂದ್ರನನ್ನೂ ದಾಟಿಬಿಟ್ಟೆವು. ಬೆಂಚಿನ ಮೇಲೆ ಕೂತಿದ್ದ ಹುಡುಗ ಎದ್ದು ನಿಂತ. “ಸರ್, ಬರೀ 42 ಸಲಾನಾ?”

ಆ ಹುಡುಗ ಕೇಳಿದ್ದೇ ಲಾಗರಿದಮ್. ಮಡಚುತ್ತಾ ಹೋಗುವುದು ಘಾತ. ಎಷ್ಟು ಸಲ ಮಡಚಿದೆವು ಅಂತ ಕೇಳುವುದು ಲಾಗ್. ಇದನ್ನು ಹೇಳದೆ ಸುಮ್ನೆ ಸೂತ್ರ ಬಾಯಿಪಾಠ ಮಾಡಿಸಿದರೆ ಮಕ್ಕಳು ಹೆದರದೆ ಇನ್ನೇನು ಮಾಡುತ್ತಾರೆ?

ಸೂತ್ರವೂ ಹಾಳೆಯಲ್ಲೇ ಇದೆ. ಮೂರು ಸಲ ಮಡಚಿದರೆ 8 ಪದರ. ಇನ್ನೂ ನಾಲ್ಕು ಸಲ ಮಡಚಿದರೆ ಅದರ 16 ಪಟ್ಟು, ಅಂದರೆ 128. ಪದರಗಳನ್ನು ಗುಣಿಸಿದೆವು, ಸಲಗಳನ್ನು ಕೂಡಿದೆವು. ಮೂರು ಮತ್ತು ನಾಲ್ಕು, ಏಳು ಸಲ. ಗುಣಲಬ್ಧದ ಲಾಗ್ ಅಂದರೆ ಲಾಗ್‌ಗಳ ಮೊತ್ತ ಅನ್ನುವುದು ಇದನ್ನೇ ಅಲ್ವಾ? ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್ ಕೋಷ್ಟಕ ಪ್ರಕಟಿಸಿದ್ದೂ ಇದಕ್ಕೇ. ದೊಡ್ಡ ದೊಡ್ಡ ಗುಣಾಕಾರಗಳು ಬರೀ ಕೂಡುವ ಲೆಕ್ಕವಾದವು.

ಭೂಕಂಪದ ರಿಕ್ಟರ್ ಮಾಪಕದ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ, ಸಮಯ ಆಗಿಬಿಟ್ಟಿತು. ಅಲ್ಲಿ ಒಂದು ಅಂಕಿ ಏರಿದರೆ ಕಂಪನದ ಅಲೆಯ ಎತ್ತರ 10 ಪಟ್ಟು. ಅಲ್ಲೂ ಅದೇ ಪ್ರಶ್ನೆ, 10ರಿಂದ ಎಷ್ಟು ಸಲ?

ಈಗ ನೀವೇ ಹೇಳಿ. ಆಧಾರ 10 ಆದರೆ 1,000ದ ಲಾಗ್ ಎಷ್ಟು? ಪುಸ್ತಕ ತೆರೆಯಬೇಡಿ. ಎಷ್ಟು ಸಲ ಅಂತ ಕೇಳಿಕೊಳ್ಳಿ. ನಮಸ್ಕಾರ.