ಇಮೇಜ್ ಕಣ್ಣೆದುರೇ ಇದೆ, ಕುಬರ್ನೆಟಿಸ್ ಕ್ಲಸ್ಟರ್‌ಗೆ ಮಾತ್ರ ಕಾಣ್ತಿಲ್ಲ!

[ಸ್ಕ್ರೀನ್: ಕಪ್ಪು ಟರ್ಮಿನಲ್. ಪಾಡ್ ಹೆಸರಿನ ಪಕ್ಕದಲ್ಲಿ "ಇಮೇಜ್‌ಪುಲ್‌ಬ್ಯಾಕ್‌ಆಫ್"]

ಈ ಪದ ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಎದ್ದು ಹೋದವರು ಎಷ್ಟು ಜನ ಇದ್ದೀರಿ? ನಾನಂತೂ ಹೋಗಿದ್ದೇನೆ.

ನಿಮ್ಮಲ್ಲೊಬ್ಬರು ಕೇಳಿದ್ದರು: "ಸರ್, ಡಾಕರ್ ಇಮೇಜಸ್ ಅಂತ ಹೊಡೆದರೆ ನನ್ನ ಇಮೇಜ್ ಕಾಣುತ್ತೆ. ಬಿಲ್ಡ್ ಮಾಡಿ ಐದು ನಿಮಿಷ ಆಗಿಲ್ಲ. ಪಾಡ್ ಮಾತ್ರ ಇಮೇಜ್ ಸಿಗ್ತಿಲ್ಲ ಅಂತಿದೆ. ಅದೇ ಲ್ಯಾಪ್‌ಟಾಪ್ ಅಲ್ವಾ?"

ಅದೇ ಲ್ಯಾಪ್‌ಟಾಪ್. ಆದರೆ ಅದೇ ಜಾಗ ಅಲ್ಲ.

ಗೊತ್ತಿಲ್ಲದವರಿಗೆ ಹತ್ತು ಸೆಕೆಂಡ್: ಕಂಟೇನರ್ ಅಂದರೆ ಆ್ಯಪ್ ಮತ್ತು ಅದಕ್ಕೆ ಬೇಕಾದದ್ದೆಲ್ಲ ತುಂಬಿದ ಡಬ್ಬಿ, ಇಮೇಜ್ ಅಂದರೆ ಅದರ ಅಚ್ಚು, ಡಾಕರ್ ಇವನ್ನು ಮಾಡಿ ಓಡಿಸುವ ಸಾಧನ. ಕುಬರ್ನೆಟಿಸ್ ಅಂದರೆ ಕಂಟೇನರ್‌ಗಳ ಮೇಸ್ತ್ರಿ; ಅದು ಕಂಟೇನರ್‌ಗಳನ್ನು ಇಟ್ಟು ಓಡಿಸುವ ಗೂಡು ಪಾಡ್, ಓಡಿಸುವ ಮಷೀನ್ ನೋಡ್, ನೋಡ್‌ಗಳ ಗುಂಪು ಕ್ಲಸ್ಟರ್. 2014ರಲ್ಲಿ ಗೂಗಲ್ ಹೊರಗೆ ಬಿಟ್ಟದ್ದು. ಎಷ್ಟು ಕಂಟೇನರ್ ಓಡಬೇಕು, ಎಲ್ಲಿ ಓಡಬೇಕು, ಬಿದ್ದರೆ ಮತ್ತೆ ಎಬ್ಬಿಸೋದು, ಎಲ್ಲ ಅದರ ಜವಾಬ್ದಾರಿ. ಅದನ್ನು ನಮ್ಮ ಮಷೀನ್‌ನಲ್ಲೇ ಓಡಿಸೋಕೆ ಮಿನಿಕ್ಯೂಬ್ ಇದೆ, ಕೆತ್ರೀಡಿ ಇದೆ, ಕೈಂಡ್ ಇದೆ. ಇವತ್ತು ಕೈಂಡ್. ಪೂರ್ತಿ ಹೆಸರು "ಕುಬರ್ನೆಟಿಸ್ ಇನ್ ಡಾಕರ್". ಉತ್ತರ ಹೆಸರಲ್ಲೇ ಇದೆ, ನಾವು ಓದೋದಿಲ್ಲ ಅಷ್ಟೆ.

[ಸ್ಕ್ರೀನ್: ಕೈಂಡ್ ಕ್ರಿಯೇಟ್ ಕ್ಲಸ್ಟರ್]

ಕ್ಲಸ್ಟರ್ ಎದ್ದಿತು. ಈಗ ಡಾಕರ್ ಪಿಎಸ್ ಹೊಡೆಯಿರಿ, ಓಡ್ತಿರೋ ಕಂಟೇನರ್‌ಗಳ ಪಟ್ಟಿ ಬರುತ್ತೆ. ಎಷ್ಟು ಸಾಲು? ಒಂದೇ ಒಂದು: "ಕೈಂಡ್-ಕಂಟ್ರೋಲ್-ಪ್ಲೇನ್". ಇಡೀ ಕ್ಲಸ್ಟರ್ ಒಂದು ಕಂಟೇನರ್!

ಇದರೊಳಗೆ ಇಣುಕೋಣ. ಡಾಕರ್ ಎಕ್ಸೆಕ್, ಆ ಕಂಟೇನರ್ ಹೆಸರು, ಆಮೇಲೆ ಕ್ರೈಸಿಟಿಎಲ್ ಪಿಎಸ್, ಅಂದರೆ ಒಳಗಿನ ಕಂಟೇನರ್‌ಗಳ ಪಟ್ಟಿ. ಅಯ್ಯೋ, ಸಂತೆ ನೆರೆದಿದೆ! ಇಟಿಸಿಡಿ, ಎಪಿಐ ಸರ್ವರ್, ಶೆಡ್ಯೂಲರ್, ಕೋರ್‌ಡಿಎನ್‌ಎಸ್... ಕುಬರ್ನೆಟಿಸ್‌ನ ಸ್ವಂತ ಭಾಗಗಳು, ಎಲ್ಲವೂ ಕಂಟೇನರ್‌ಗಳೇ. ಕಂಟೇನರ್ ಒಳಗೆ ಕಂಟೇನರ್.

ನನಗೆ ತುಂಬಾ ಇಷ್ಟದ ಭಾಗ ಇದು, ಒಂದೆರಡು ನಿಮಿಷ ಸಹಿಸಿಕೊಳ್ಳಿ. ಮಾಮೂಲಿ ಕಂಟೇನರ್ ಒಂದು ಪ್ರೋಸೆಸ್ ಓಡಿಸಿ ಸುಮ್ನಿರುತ್ತದೆ. ಈ ಕಂಟೇನರ್‌ನಲ್ಲಿ ಮೊದಲು ಏಳೋದೇ ಸಿಸ್ಟಮ್‌ಡಿ, ಥೇಟ್ ಒಂದು ಲಿನಕ್ಸ್ ಮಷೀನ್ ಬೂಟ್ ಆದ ಹಾಗೆ. ಅದು ನೋಡ್‌ನ ಉಸ್ತುವಾರಿ ಕ್ಯೂಬ್‌ಲೆಟ್ ಮತ್ತು ಕಂಟೇನರ್‌ಡಿಯನ್ನು ಎಬ್ಬಿಸುತ್ತದೆ. ಪಾಡ್‌ಗಳನ್ನು ಓಡಿಸೋದು ಈ ಒಳಗಿನ ಕಂಟೇನರ್‌ಡಿ. ಹೊರಗಿನ ಡಾಕರ್‌ಗೆ ಒಳಗೆ ಏನು ನಡೀತಿದೆ ಅನ್ನೋ ಗೊಡವೆಯೇ ಇಲ್ಲ.

ಮಹಡಿ ಮನೆ ಬಾಡಿಗೆಗೆ ಕೊಟ್ಟಿದ್ದೀರಿ ಅಂದುಕೊಳ್ಳಿ. ಕಟ್ಟಡ ನಿಮ್ಮದೇ. ಆದರೆ ಬಾಡಿಗೆಯವರ ಬೀರು ಬೇರೆ, ಬೀಗ ಬೇರೆ. ನಿಮ್ಮ ಬೀರುವಿನಲ್ಲಿ ಇಟ್ಟ ಕಂಬಳಿ ಅವರ ಬೀರುವಿನಲ್ಲಿ ಹೇಗೆ ಸಿಗುತ್ತದೆ? ಅವರು ಹುಡುಕುತ್ತಾರೆ, ಸಿಗೋದಿಲ್ಲ, ಅಂಗಡಿಗೆ ಓಡುತ್ತಾರೆ. ಅಂಗಡಿ ಅಂದರೆ ಡಾಕರ್ ಹಬ್, ಇಂಟರ್ನೆಟ್‌ನಲ್ಲಿ ಇಮೇಜ್‌ಗಳು ಸಿಗುವ ಜಾಗ. ನೀವು ಮನೆಯಲ್ಲೇ ಹೊಲಿದ ಕಂಬಳಿ ಅಂಗಡಿಯಲ್ಲಿ ಎಲ್ಲಿರುತ್ತದೆ! ಬರಿಗೈಲಿ ವಾಪಸ್. ಹತ್ತು ಸೆಕೆಂಡ್ ಬಿಟ್ಟು ಮತ್ತೆ ಓಟ. ಆಮೇಲೆ ಇಪ್ಪತ್ತು, ನಲವತ್ತು, ಹೀಗೆ ಏರುತ್ತಾ 300 ಸೆಕೆಂಡ್‌ವರೆಗೆ. ಆ "ಬ್ಯಾಕ್‌ಆಫ್" ಅಂದರೆ ಇದೇ, ಪಾಪ ಸುಸ್ತಾಗಿ ಮೆಟ್ಟಿಲ ಮೇಲೆ ಕೂತಿರೋದು.

ಪರಿಹಾರ ಒಂದು ಸಾಲು.

[ಸ್ಕ್ರೀನ್: ಕೈಂಡ್ ಲೋಡ್ ಡಾಕರ್-ಇಮೇಜ್ ನನ್ನ-ಆ್ಯಪ್]

ಕಂಬಳಿಯನ್ನು ಮಹಡಿಗೆ ಹೊತ್ತುಕೊಂಡು ಹೋಗಿ ಅವರ ಬೀರುವಿನಲ್ಲೇ ಇಟ್ಟು ಬಂದ ಹಾಗೆ. ಕ್ರೈಸಿಟಿಎಲ್ ಇಮೇಜಸ್ ಹೊಡೆದು ನೋಡಿ, ಪಟ್ಟಿಯಲ್ಲಿ ಬಂತು. ಪಾಡ್ ನೋಡಿ... ಇನ್ನೂ ಅದೇ ಎರರ್!

ಇಲ್ಲಿ ನನ್ನ ಇಡೀ ಒಂದು ಸಂಜೆ ಹೋಗಿದೆ. ತಪ್ಪು ಟ್ಯಾಗ್‌ನದು, ಅಂದರೆ ಇಮೇಜ್ ಹೆಸರಿನ ಕೊನೆಗೆ ಅಂಟಿಸುವ ಆವೃತ್ತಿಯ ಚೀಟಿಯದು. ಟ್ಯಾಗ್ "ಲೇಟೆಸ್ಟ್" ಅಂತಿದ್ದರೆ, ಅಥವಾ ಟ್ಯಾಗೇ ಕೊಡದಿದ್ದರೆ, ಕುಬರ್ನೆಟಿಸ್ ತಾನಾಗಿ ಪುಲ್ ಪಾಲಿಸಿಯನ್ನು (ಇಮೇಜ್ ಯಾವಾಗ ತರಿಸಬೇಕು ಅನ್ನೋ ನಿಯಮವನ್ನು) "ಆಲ್ವೇಸ್" ಮಾಡುತ್ತದೆ. ಬೀರುವಿನಲ್ಲಿ ಇದ್ದರೂ ಸರಿ, ಮೊದಲು ಅಂಗಡಿಗೆ ಹೋಗಿ ಕೇಳಿಕೊಂಡು ಬಾ ಅಂತ. "ವಿ1" ಅಂತ ಟ್ಯಾಗ್ ಹಾಕಿ ಮತ್ತೆ ಲೋಡ್ ಮಾಡಿ, ಪಾಡ್‌ನ ವಿವರ ಬರೆದ ಯಾಮಲ್ ಫೈಲ್‌ನಲ್ಲೂ ಅದನ್ನೇ ಬರೆಯಿರಿ. ಹಳೆಯದನ್ನು ಅಳಿಸಿ ಅದೇ ಫೈಲ್‌ನಿಂದ ಹೊಸದಾಗಿ ಮಾಡಿ, ಆಗ ಪಾಲಿಸಿ "ಇಫ್‌ನಾಟ್‌ಪ್ರೆಸೆಂಟ್" ಆಗುತ್ತದೆ, ಅಂದರೆ ಬೀರುವಿನಲ್ಲಿ ಇಲ್ಲದಿದ್ದರೆ ಮಾತ್ರ ಅಂಗಡಿಗೆ. ನನ್ನ ಪ್ರಕಾರ ಲೇಟೆಸ್ಟ್‌ನಷ್ಟು ಸುಳ್ಳು ಹೇಳುವ ಟ್ಯಾಗ್ ಇನ್ನೊಂದಿಲ್ಲ.

[ಸ್ಕ್ರೀನ್: ಸ್ಟೇಟಸ್ "ರನ್ನಿಂಗ್"]

ಎಡಿಟರ್ ಆಗಲೇ ಗಡಿಯಾರ ತೋರಿಸ್ತಿದ್ದಾರೆ, ಉಳಿದದ್ದು ಒಂದೇ ಉಸಿರಿಗೆ. ಹೊರಗಿನಿಂದ ಆ್ಯಪ್ ತಲುಪೋಕೆ ನೋಡ್‌ಪೋರ್ಟ್ (ನೋಡ್‌ನಲ್ಲಿ ತೆರೆಯುವ ಬಾಗಿಲು) ಕೊಟ್ಟರೂ ಬ್ರೌಸರ್‌ನ ಲೋಕಲ್‌ಹೋಸ್ಟ್‌ನಲ್ಲಿ ಏನೂ ಬರ್ತಿಲ್ವಾ? ಅದೇ ಕಾರಣ: ಪೋರ್ಟ್ ತೆರೆದಿರೋದು ಮಹಡಿ ಮನೆಯಲ್ಲಿ. ಸದ್ಯಕ್ಕೆ ಕುಬರ್ನೆಟಿಸ್ ಜೊತೆ ಮಾತಾಡುವ ಕಮಾಂಡ್, ಕ್ಯೂಬ್‌ಸಿಟಿಎಲ್ ಪೋರ್ಟ್-ಫಾರ್ವರ್ಡ್ ಸಾಕು. ಖಾಯಂ ಬೇಕಂದರೆ ಪೋರ್ಟ್ ಮ್ಯಾಪಿಂಗ್ ಅನ್ನು ಕ್ಲಸ್ಟರ್ ಮಾಡುವಾಗಲೇ ಕಾನ್ಫಿಗ್ ಫೈಲ್‌ನಲ್ಲಿ ಬರೆಯಬೇಕು. ಮೂರು ನೋಡ್ ಬೇಕಾ? ಅದೇ ಫೈಲ್‌ನಲ್ಲಿ ಮೂರು ಬರೆಯಿರಿ, ಡಾಕರ್ ಪಿಎಸ್‌ನಲ್ಲಿ ಮೂರು ಸಾಲು ಬರುತ್ತದೆ. ಏನಾದರೂ ಅಳಿಸುವ ಮುಂಚೆ ಕರೆಂಟ್-ಕಾಂಟೆಕ್ಸ್ಟ್ (ಕಮಾಂಡ್ ಯಾವ ಕ್ಲಸ್ಟರ್‌ಗೆ ಹೋಗ್ತಿದೆ ಅನ್ನೋದು) ನೋಡಿಕೊಳ್ಳಿ, "ಕೈಂಡ್-ಕೈಂಡ್" ಅಂತಿದ್ದರೆ ಮಾತ್ರ ಎಂಟರ್ ಒತ್ತಿ.

ಬೇಡ ಅನ್ನಿಸಿದಾಗ ಕೈಂಡ್ ಡಿಲೀಟ್ ಕ್ಲಸ್ಟರ್. ಬಾಡಿಗೆಯವರು ಬೀರು ಸಮೇತ ಖಾಲಿ ಮಾಡಿದ ಹಾಗೆ, ಲೋಡ್ ಮಾಡಿದ ಇಮೇಜೂ ಹೋಗುತ್ತದೆ. ಹೊಸ ಕ್ಲಸ್ಟರ್ ಮಾಡಿದರೆ ಮತ್ತೆ ಲೋಡ್ ಮಾಡಬೇಕು. ನಾನು ನಿನ್ನೆಯೂ ಮರೆತೆ.