ಮೂಗಿಗೆ ಟವೆಲ್, ಮೈಯೆಲ್ಲಾ ವಿಷ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಮೂಗಿಗೆ ಟವೆಲ್ ಕಟ್ಕೊಂಡು ಔಷಧಿ ಹೊಡೆದ್ರೆ ಏನೂ ಆಗಲ್ಲ, ಸುಮ್ನೆ ಹೆದರಿಸ್ಬೇಡಿ." ಅದಕ್ಕೆ ಲೈಕ್ ಬೇರೆ!

ಸ್ವಾಮಿ, ಬೆಳೆಗೆ ಕೀಟನಾಶಕ ಹೊಡೆಯೋರ ಮೈಗೆ ವಿಷ ಹೋಗೋ ದೊಡ್ಡ ದಾರಿ ಮೂಗಲ್ಲ, ಚರ್ಮ. ಬಾಟಲಿ ಮುಚ್ಚಳ ತೆಗೆದು ಡ್ರಮ್ಮಿಗೆ ಸುರಿಯೋವಾಗ ಬೆರಳಿಗೆ ಹತ್ತುತ್ತಲ್ಲ, ನೀರು ಬೆರೆಸದ ಗಟ್ಟಿ ವಿಷ, ಅದಕ್ಕೆ ನಿಮ್ಮ ಟವೆಲ್ ಏನು ಮಾಡುತ್ತೆ? ಕೆಲವರಂತೂ ಬರಿಗೈಯಲ್ಲೇ ಕಲಕ್ತಾರೆ. ಪಂಪಿನ ತುದಿಯ ನಾಜಲ್ ಕಟ್ಟಿಕೊಂಡ್ರೆ ಬಾಯಲ್ಲಿ ಊದ್ತಾರೆ, ಅದೂ ಆ ಟವೆಲ್ ಕೆಳಗೆ ಸರಿಸಿ!

ಬೆನ್ನ ಮೇಲಿನ ಪಂಪ್ ಸೋರುತ್ತೆ. ಸೋರಿದ್ದು ಬೆನ್ನಿಂದ ಇಳಿದು ಎಲ್ಲಿಗೆ ಹೋಗುತ್ತೆ? ಮಕ್ಕಳಿದ್ರೆ ಕಿವಿ ಮುಚ್ಚಿ. ಪ್ಯಾರಾಥಿಯಾನ್ ಅನ್ನೋ ಕೀಟನಾಶಕವನ್ನ ಮನುಷ್ಯರ ಚರ್ಮದ ಮೇಲೆ ಹಚ್ಚಿ ನೋಡಿದ ಅಧ್ಯಯನ 1971ರಲ್ಲಿ ಪ್ರಕಟವಾಯ್ತು. ಮುಂಗೈ ಹೀರಿಕೊಂಡಿದ್ದು ಶೇಕಡಾ 9ರ ಆಸುಪಾಸು, ಕಂಕುಳು 64. ವೃಷಣದ ಚರ್ಮ? ಹೆಚ್ಚುಕಡಿಮೆ ಹಚ್ಚಿದ್ದಷ್ಟೂ! ಚಡ್ಡಿ ಒದ್ದೆ ಆದ್ರೂ ಬದಲಾಯಿಸದೆ ಸಂಜೆವರೆಗೆ ಹೊಡೆಯೋ ಅಣ್ಣಂದಿರೇ, ಮೂಗು ಭದ್ರವಾಗಿದೆ ತಾನೇ?

ಒಳಗೆ ಹೋದ್ಮೇಲೆ ಏನಾಗುತ್ತೆ? ನರ ಸ್ನಾಯುವಿಗೆ ಕೊಟ್ಟ ಸೂಚನೆಯನ್ನ ಅಳಿಸೋಕೆ ಮೈಯಲ್ಲಿ ಒಂದು ಕಿಣ್ವ ಇದೆ. ಪ್ಯಾರಾಥಿಯಾನ್, ಮೆಲಥಿಯಾನ್ ಥರದ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಅದನ್ನೇ ಹಿಡಿದು ಕೂರಿಸ್ತವೆ. ಸೂಚನೆ ನಿಲ್ಲಲ್ಲ. ಜೊಲ್ಲು, ಕಣ್ಣೀರು, ಬೆವರು, ಸಾಸಿವೆಯಷ್ಟು ಕಣ್ಣಪಾಪೆ, ಅದುರೋ ಮಾಂಸಖಂಡ. ಹೆಚ್ಚಾದ್ರೆ ಶ್ವಾಸಕೋಶದಲ್ಲಿ ದ್ರವ ತುಂಬಿ ಉಸಿರೇ ನಿಲ್ಲುತ್ತೆ. ಆಸ್ಪತ್ರೇಲಿ ಅಟ್ರೋಪಿನ್ ಅನ್ನೋ ಮದ್ದು ಕೊಡ್ತಾರೆ, ಬೇಗ ಹೋದ್ರೆ ಉಳಿಯೋ ಸಾಧ್ಯತೆ ಹೆಚ್ಚು. ಸ್ವಲ್ಪಸ್ವಲ್ಪ ತಗುಲಿದ್ರೆ ಬರೀ ತಲೆನೋವು, ವಾಕರಿಕೆ. "ಬಿಸಿಲಿಗೆ ಆಗಿದ್ದು" ಅಂತ ಮಲಗಿ, ಬೆಳಿಗ್ಗೆ ಮತ್ತೆ ಪಂಪ್ ಏರಿಸ್ಕೊಂಡು ಹೊರಟ್ರು. ಆದ್ರೆ ರಕ್ತದಲ್ಲಿ ಆ ಕಿಣ್ವ ಮೊದಲಿನ ಮಟ್ಟಕ್ಕೆ ಬರೋಕೆ ತಿಂಗಳುಗಳೇ ಬೇಕು. ಇದು ಇವತ್ತಿನ ಮಾತಾಯ್ತು. ವರ್ಷಗಟ್ಟಲೆ ಹೊಡೆದವರ ಕಥೆ ಬೇರೆ: ಮೆಲಥಿಯಾನನ್ನ 2015ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಹುಶಃ ಕ್ಯಾನ್ಸರ್ ತರೋ ಪಟ್ಟಿಗೆ ಸೇರಿಸ್ತು. ಅದರ ಮೇಲೊಂದು ಎಪಿಸೋಡ್ ಮಾಡ್ತೀನಿ, ಗಂಟೆ ಗುಂಡಿ ಒತ್ತಿರಿ.

"ನಮ್ಮಜ್ಜ ಬರಿಮೈಲಿ ಹೊಡೆದು ತೊಂಬತ್ತು ಬದುಕಿದ್ರು." ಸಂತೋಷ! ಸತ್ತವರ ಮೊಮ್ಮಕ್ಕಳು ಕಾಮೆಂಟ್ ಹಾಕ್ತಿಲ್ಲ ಅಷ್ಟೇ.

"ಗ್ಲೌಸ್, ಉದ್ದ ತೋಳಿನ ಅಂಗಿ ಹಾಕಿದ್ರೆ ಸೆಕೆ." ಹೌದಪ್ಪಾ, ಸೆಕೆ. ಬೆವೆತ ಚರ್ಮ ಇನ್ನೂ ಜಾಸ್ತಿ ಹೀರುತ್ತೆ, ಗೊತ್ತಾ? ಹಾಗಾದ್ರೆ ಬಿಸಿಲೇರೋ ಮೊದಲು ಕೆಲಸ ಮುಗಿಸೋಕೆ ಬಿಡಿ ಆಳುಗಳನ್ನ. ಬಟ್ಟೆ ಗ್ಲೌಸ್ ಮಾತ್ರ ತರಬೇಡಿ, ಅದು ವಿಷ ಕುಡಿದು ಕೈಗೇ ಅಂಟಿಕೊಂಡು ಕೂರುತ್ತೆ. ನೈಟ್ರೈಲ್ ಅನ್ನೋ ರಬ್ಬರಿನ ಗ್ಲೌಸ್ ತನ್ನಿ. ಕೂಲಿಯವರೇ ತಂದ್ಕೊಳ್ಳಲಿ ಅಂತೀರಾ? ಪಂಪ್ ನಿಮ್ದು, ಬೆಳೆ ನಿಮ್ದು, ಚರ್ಮ ಮಾತ್ರ ಅವರದ್ದಾ?

ಇನ್ನೂ ಎರಡು ಪುಟ ಬರೆದಿಟ್ಟಿದ್ದೆ, ಬಿಡಿ, ಟವೆಲ್ ನೆನಪಾದ್ರೆ ಮೈ ಉರಿಯುತ್ತೆ. ಚರ್ಮ ರೀ, ಚರ್ಮ! ಆ ಕಾಮೆಂಟ್ ಪಿನ್ ಮಾಡಿದ್ದೀನಿ, ಹೋಗಿ ನೀವೇ ಉತ್ತರ ಕೊಡಿ. ಬೈಬೇಡಿ, ಲಿಂಕ್ ಹಾಕಿ. ನನ್ನ ವಿಡಿಯೋದೇ ಲಿಂಕ್ ಹಾಕಿ.