ಟ್ರಾಫಿಕ್ಕಿನಲ್ಲಿ ಓಡಿಸಿ ನೋಡಿ ಕೊಂಡ ಹಳೆಯ ಪೋಲೋ ಜಿಟಿ

ನಮಸ್ಕಾರ. ನೀವು ನೋಡುತ್ತಿರುವ ಈ ಕೆಂಪು ಕಾರು 2016ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಇನ್ನು ಮುಂದೆ ನಾನು ಕಚೇರಿಗೆ ಹೋಗಿಬರುವುದು ಇದರಲ್ಲೇ. ಹೊರವರ್ತುಲ ರಸ್ತೆ, ಸಿಲ್ಕ್ ಬೋರ್ಡ್, ಮಳೆಗಾಲದ ಗುಂಡಿಗಳು, ಎಲ್ಲವನ್ನೂ ಇದು ಎದುರಿಸಬೇಕು.

“ಬೆಂಗಳೂರಿನ ಟ್ರಾಫಿಕ್ಕಿಗೆ ಇಂಥ ಕಾರು ಯಾಕಪ್ಪಾ?” ಎಂದು ಅಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಕಾರಿನ ಸೊಗಸು ಇರುವುದು ಗರಿಷ್ಠ ವೇಗದಲ್ಲಲ್ಲ. 1.2 ಲೀಟರಿನ ಟರ್ಬೊ ಎಂಜಿನ್, 105 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ. ಎಂಜಿನ್ ನಿಮಿಷಕ್ಕೆ 1,500 ಸುತ್ತು (ಆರ್‌ಪಿಎಂ) ತಿರುಗುವಾಗಲೇ 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ, ಸಿಗುತ್ತದೆ. ಸರ್ವಿಸ್ ರಸ್ತೆಯಿಂದ ಮುಖ್ಯರಸ್ತೆಗೆ ಸೇರುವಾಗ, ಫ್ಲೈಓವರ್ ಏರುವಾಗ, ಎಂಜಿನ್ನನ್ನು ಚೀರಾಡಿಸಬೇಕಿಲ್ಲ. ಕಾಲನ್ನು ಸ್ವಲ್ಪ ಒತ್ತಿದರೆ ಸಾಕು, ಕಾರು ಮುಂದಿರುತ್ತದೆ. ದಿನಬಳಕೆಗೆ ಬೇಕಾದ ಶಕ್ತಿ ಎಂದರೆ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೇರೆ ಕಾರುಗಳನ್ನೂ ನೋಡಿದೆ. 2015ರಲ್ಲಿ ಬಂದ ಅಬಾರ್ತ್ ಪುಂಟೊ 145 ಅಶ್ವಶಕ್ತಿಯ ಕಾರು, ಮನಸ್ಸನ್ನು ಬಹಳ ಸೆಳೆಯಿತು. ಆದರೆ ಫಿಯಟ್ ಕಾರುಗಳ ಮಾರಾಟವೇ ನಿಂತುಹೋಗಿರುವಾಗ ಬಿಡಿಭಾಗಕ್ಕಾಗಿ ಅಲೆದಾಡುವ ಕಾರನ್ನು ಸೋಮವಾರ ಬೆಳಿಗ್ಗೆ ನಂಬುವುದು ಕಷ್ಟ. ಮಾರುತಿಯ ಬಲೆನೊ ಆರ್‌ಎಸ್ ಹಗುರ, ಹಿಂದೆಯೂ ಡಿಸ್ಕ್ ಬ್ರೇಕ್, ನಿರ್ವಹಣೆ ಸುಲಭ. ಅದು ಸಿಗುವುದು ಮ್ಯಾನ್ಯುಯಲ್ ಗೇರ್‌ನಲ್ಲಿ ಮಾತ್ರ. ನನ್ನ ಎಡಗಾಲಿಗೆ ವಿಶ್ರಾಂತಿ ಬೇಕಿತ್ತು.

ಪೋಲೋ ಹುಡುಕುವವರು ಮೊದಲು ಆರ್‌ಸಿ ಕಾರ್ಡ್ ಕೈಗೆ ತೆಗೆದುಕೊಳ್ಳಿ. ಜಿಟಿ ಎಂಬ ಲೋಹದ ಅಕ್ಷರಗಳು ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತವೆ. ಇಲ್ಲಿ ನೋಡಿ, ಸಾಮರ್ಥ್ಯ 1197 ಸಿಸಿ, ಸಿಲಿಂಡರ್ ನಾಲ್ಕು. ಅದೇ ಕಾಲದ ಸಾಧಾರಣ 1.2 ಪೆಟ್ರೋಲ್ ಪೋಲೋದಲ್ಲಿ 1198 ಸಿಸಿ, ಸಿಲಿಂಡರ್ ಮೂರೇ. ಕಾಗದದ ಮೇಲಿನ ಈ ಒಂದು ಸಾಲು ಹೇಳುವ ಸತ್ಯವನ್ನು ಬಣ್ಣದ ಹೊಳಪು ಹೇಳುವುದಿಲ್ಲ.

ಇನ್ನು ಗೇರ್‌ಬಾಕ್ಸ್. ಇಲ್ಲಿ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ. ಇದರ ಏಳು ಗೇರಿನ ಡಿಎಸ್‌ಜಿ, ಅಂದರೆ ತಾನೇ ಗೇರ್ ಬದಲಿಸುವ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎರಡು ಒಣ ಕ್ಲಚ್‌ಗಳಿವೆ. ಒಂದು ಬೆಸ ಸಂಖ್ಯೆಯ ಗೇರ್‌ಗಳಿಗೆ, ಇನ್ನೊಂದು ಸಮ ಸಂಖ್ಯೆಯವಕ್ಕೆ. ಎಣ್ಣೆಯಲ್ಲಿ ಮುಳುಗಿರದ ಕಾರಣ ಇವುಗಳ ಬಿಸಿ ಬೇಗ ಇಳಿಯುವುದಿಲ್ಲ. ಆಮೆನಡಿಗೆಯ ಟ್ರಾಫಿಕ್ಕಿನಲ್ಲಿ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ; ಉಜ್ಜುತ್ತಾ ಸವೆಯುತ್ತದೆ. ಗೇರ್ ಬದಲಿಸುವ ಮೆಕಾಟ್ರಾನಿಕ್ ಘಟಕ ಕೆಟ್ಟು ಹೊಸದನ್ನೇ ಹಾಕಿಸಬೇಕಾದರೆ ಬಿಲ್ಲು ಲಕ್ಷ ದಾಟುತ್ತದೆ.

ಮಾರುವವರು ನನ್ನನ್ನು ನೈಸ್ ರಸ್ತೆಗೆ ಕರೆದೊಯ್ಯಲು ಸಿದ್ಧರಾಗಿದ್ದರು. ನಾನು ಸಂಜೆ ಆರು ಗಂಟೆಗೆ ಬರುತ್ತೇನೆ ಎಂದೆ. ಖಾಲಿ ರಸ್ತೆಯಲ್ಲಿ ಎಲ್ಲ ಜಿಟಿಯೂ ಚೆನ್ನಾಗಿ ಓಡುತ್ತದೆ. ಜೊತೆಗೆ ಬಂದ ಮೆಕ್ಯಾನಿಕ್ ಅಣ್ಣ ಪಕ್ಕದ ಸೀಟಿನಲ್ಲಿ ಕುಳಿತು, “ಎಕ್ಸಿಲರೇಟರ್ ಮುಟ್ಟಬೇಡಿ ಸರ್. ಬ್ರೇಕ್ ಮೇಲಿನ ಕಾಲು ತೆಗೆದು ಸುಮ್ಮನೆ ಇರಿ” ಎಂದರು. ಕಾರು ಮೆಲ್ಲಗೆ ತೆವಳಿತು. ಒಂದರಿಂದ ಎರಡಕ್ಕೆ ಹೋಗುವಾಗ, ಮತ್ತೆ ಎರಡರಿಂದ ಒಂದಕ್ಕೆ ಇಳಿಯುವಾಗ ಸೀಟಿನ ಕೆಳಗೆ ನಡುಕ ಬರುತ್ತದೆಯೇ ಎಂದು ಇಬ್ಬರೂ ಮಾತಿಲ್ಲದೆ ಗಮನಿಸಿದೆವು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮತ್ತೊಮ್ಮೆ, ಆಮೇಲೆ ಏರಿನಲ್ಲಿ, ರಿವರ್ಸ್‌ನಲ್ಲಿ. ನಡುಕವಿಲ್ಲ, ಜರ್ಕ್ ಇಲ್ಲ, ಡಿಸ್‌ಪ್ಲೇಯಲ್ಲಿ ಗೇರಿನ ಅಕ್ಷರ ಮಿನುಗಲಿಲ್ಲ. ನಂತರ ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಜೋಡಿಸಿ, ಅಳಿಸಿಹಾಕಿದ ದೋಷಗಳು ಮರಳಿ ಬರುತ್ತವೆಯೇ ಎಂದು ಇನ್ನೊಂದು ಸುತ್ತು ಓಡಿಸಿದೆವು. ಅದು ಮುಗಿಯುವವರೆಗೂ ನಾನು ಬೆಲೆಯ ಮಾತೇ ಎತ್ತಲಿಲ್ಲ.

ಇಂಥ ಕಾರುಗಳಲ್ಲಿ ಇನ್ನೊಂದನ್ನು ವಿಚಾರಿಸಲೇಬೇಕು: ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸಿದ್ದಾರೆಯೇ? ಮಾಡಿಸಿದ್ದರೆ ತಪ್ಪೆಂದಲ್ಲ, ಕ್ಲಚ್ಚಿನ ಮೇಲೆ ಬಿದ್ದ ಹೆಚ್ಚುವರಿ ಹೊರೆಯ ಲೆಕ್ಕ ಬೆಲೆಯಲ್ಲಿ ಕಾಣಬೇಕು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಈ ಕಾರು ಅದಕ್ಕಿಂತ ಹಿಂದಿನ ಕಾಲದ್ದು. ಎಥೆನಾಲ್‌ನಿಂದ ಹಳೆಯ ರಬ್ಬರ್ ಕೆಡಬಹುದು, ಹಾಗಾಗಿ ಇಂಧನದ ರಬ್ಬರ್ ಪೈಪುಗಳನ್ನು ಕೈಯಿಂದ ಮುಟ್ಟಿ, ಬಿರುಕು ಬಿಟ್ಟಿಲ್ಲವೆಂದು ಖಚಿತಪಡಿಸಿಕೊಂಡೆ.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ಮಾಲೀಕತ್ವ ವರ್ಗಾವಣೆಗೆ ಫಾರಂ 29, ಫಾರಂ 30. ಹಳೆಯ ಮಾಲೀಕರ ಸಾಲವಿದ್ದರೆ, ಅದು ತೀರಿದೆ ಎನ್ನುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ). ಬಾಕಿ ಇರುವ ಸಂಚಾರ ದಂಡವನ್ನು ಹಣ ಕೊಡುವ ಮೊದಲೇ ಪರಿಶೀಲಿಸಿ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ಅರ್ಜಿ ಹಾಕಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ವಿಮಾ ಪರಿಹಾರ ಕೇಳದಿದ್ದಕ್ಕೆ ಸಿಗುವ ಪ್ರೀಮಿಯಂ ರಿಯಾಯಿತಿ, ನಿಮಗೆ ಬರುವುದಿಲ್ಲ.

ಈಗ ನಾನು ಓಡಿಸುವ ರೀತಿಯನ್ನು ನೋಡಿ. ಮುಂದಿನ ಕಾರು ಒಂದು ಅಡಿ ಸರಿದರೆ ನಾನು ಸರಿಯುವುದಿಲ್ಲ. ಸ್ವಲ್ಪ ಜಾಗ ಬಿಡಲಿ ಎಂದು ಕಾಯುತ್ತೇನೆ, ಆಮೇಲೆ ಒಂದೇ ಸಲ ಹೊರಡುತ್ತೇನೆ. ಹಿಂದಿನವರು ಹಾರ್ನ್ ಹೊಡೆಯಲಿ, ಕ್ಲಚ್ ನನ್ನದು. ಏರಿನಲ್ಲಿ ಎಕ್ಸಿಲರೇಟರ್‌ನಿಂದ ಕಾರನ್ನು ತಡೆದು ನಿಲ್ಲಿಸುವುದೇ ಇಲ್ಲ, ಬ್ರೇಕ್ ಇದೆ.

ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಈ ವಾರವೇ ಬದಲಾಗುತ್ತವೆ. ಅದಾದ ಮೇಲೆ ನೆಲಮಂಗಲ, ಹಾಸನ ದಾಟಿ ಸಕಲೇಶಪುರಕ್ಕೆ. ಗೇರ್ ಲಿವರನ್ನು ‘ಎಸ್’ (ಸ್ಪೋರ್ಟ್) ಗೆ ಎಳೆದರೆ ಈ ಎಂಜಿನ್ ಹೇಗೆ ಉಸಿರಾಡುತ್ತದೆ ಎಂಬುದನ್ನು ಅಲ್ಲಿನ ತಿರುವುಗಳಲ್ಲಿ ತೋರಿಸುತ್ತೇನೆ. ಆ ವಿಡಿಯೊದಲ್ಲಿ ಮೈಲೇಜಿನ ಲೆಕ್ಕವನ್ನೂ ಟ್ಯಾಂಕ್ ತುಂಬಿಸಿಯೇ ಕೊಡುತ್ತೇನೆ.